ಮೇಲಿನ ನೀರು

ಐವತ್ತೊಂದನೆಯ ವಯಸ್ಸಿನಲ್ಲಿ ಈಜು ಕಲಿಯುತ್ತೇನೆಂದು ನನ್ನ ಹೆಂಡತಿ ಹೇಳಿದ್ದು ಒಂದು ನವೆಂಬರ್ ತಿಂಗಳ ಬೆಳಿಗ್ಗೆ, ದೋಸೆಕಾವಲಿಯ ಮುಂದೆ ಎಡಗಾಲಿನ ಮೇಲೆ ಪೂರ್ತಿ ಭಾರ ಹಾಕಿ ನಿಂತುಕೊಂಡು. ಬಲಗಾಲಿನ ಮೊಣಗಂಟು ಎರಡು ವರ್ಷಗಳಿಂದ ಅವಳ ಮಾತು ಕೇಳುತ್ತಿರಲಿಲ್ಲ. ಮಂಗಳೂರಿನ ಕೊಟ್ಟಾರದ ನಮ್ಮ ಮನೆ ಎರಡನೆಯ ಮಹಡಿಯಲ್ಲಿದೆ. ಲಿಫ್ಟ್ ಕೆಟ್ಟ ದಿನ ಅವಳು ಕೈಯಲ್ಲಿ ಚಪ್ಪಲಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಒಂದೊಂದು ದೇವರನ್ನು ಕರೆಯುತ್ತ ಹತ್ತುತ್ತಿದ್ದಳು. ಡಾಕ್ಟರು ಮಾತ್ರೆ ಬದಲಿಸಿ ಬದಲಿಸಿ ಸುಸ್ತಾಗಿ ಕೊನೆಗೆ, ‘ನೀರಿನಲ್ಲಿ ದೇಹದ ಭಾರ ಕಾಲಿಗೆ ಗೊತ್ತಾಗುವುದಿಲ್ಲ, ಈಜಿ’ ಎಂದಿದ್ದರು.

"ಎಲ್ಲಿ ಈಜುವುದು?" ಎಂದೆ.

"ನಿಮ್ಮ ಕೆರೆಯಲ್ಲೇ."

ನನ್ನ ಕೆರೆ ಎಂದರೆ ನನ್ನದೇನೂ ಅಲ್ಲ. ಬೋಳಾರದ ಕಡೆ, ಹಳೆಯ ಮನೆಗಳ ನಡುವೆ, ನಾಲ್ಕೂ ಬದಿಗೆ ಕೆಂಪುಕಲ್ಲಿನ ಮೆಟ್ಟಿಲಿರುವ ಒಂದು ಕೆರೆ. ಮಳೆಗಾಲದಲ್ಲಿ ಒಂದೂವರೆ ಆಳು ನೀರು, ಏಪ್ರಿಲ್ ಕೊನೆಗೆ ಎದೆಯಷ್ಟು. ನಾನು ಅದರ ಪಕ್ಕ ಹುಟ್ಟಿದವನಲ್ಲ, ಅದರಲ್ಲಿ ಒಮ್ಮೆಯೂ ಮುಳುಗಿದವನೂ ಅಲ್ಲ. ನನಗೆ ಈಜು ಬರುವುದಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು ನಾಲ್ಕು ವರ್ಷಗಳಿಂದ ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಹೋಗಿ ಒಂದು ಬಾಟಲಿ ನೀರು ತರುತ್ತಿದ್ದೆ, ಅಷ್ಟೆ. ಆ ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಪಾಚಿಗಳನ್ನು, ಅಂದರೆ ಫೈಟೊಪ್ಲಾಂಕ್ಟನ್ನುಗಳನ್ನು, ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸುವುದು ನನ್ನ ಹವ್ಯಾಸ. ಉದ್ಯೋಗ ಎನ್ನೋಣವೆಂದರೆ ಅದನ್ನು ಮಾಡೆಂದು ಯಾರೂ ನನಗೆ ಹೇಳಿರಲಿಲ್ಲ.

ಹೆಂಡತಿಗೆ ಹೈಸ್ಕೂಲಿನಲ್ಲಿ ಆಟ ಕಲಿಸಿದ ಪಿ.ಟಿ. ಟೀಚರ್ ಒಬ್ಬರು ಆ ಕೆರೆಯ ಹತ್ತಿರವೇ ಇದ್ದಾರೆ. ಎಪ್ಪತ್ತು ದಾಟಿದರೂ ಶಿಳ್ಳೆಯನ್ನು ಕೊರಳಿನಿಂದ ತೆಗೆದಿಲ್ಲ. ಅವರು ಬೆಳಗಿನ ಆರು ಗಂಟೆಗೆ ಐದು ಮಂದಿ ಹೆಂಗಸರಿಗೆ ಈಜು ಕಲಿಸಲು ಆಗಷ್ಟೇ ಹೊರಟಿದ್ದರಂತೆ. ಆರನೆಯವಳಾಗಿ ಇವಳು ಸೇರುವುದೆಂದು ಇಬ್ಬರೂ ಫೋನಿನಲ್ಲೇ ತೀರ್ಮಾನಿಸಿ ಆಗಿತ್ತು. ನನ್ನಿಂದ ಬೇಕಾದದ್ದು ಒಂದೇ ಉತ್ತರ.

"ಆ ನೀರಿಗೆ ಇಳಿಯಬಹುದಾ ಇಲ್ವಾ? ಅದೊಂದು ಹೇಳಿ ಮಾರಾಯ್ರೆ. ಉಳಿದದ್ದು ಎಂತದೂ ಹೇಳ್ಬೇಡಿ."

ಉಳಿದದ್ದು ಏನು ಹೇಳುತ್ತೇನೆಂದು ಅವಳಿಗೆ ಗೊತ್ತಿತ್ತು. ನಾನು ಹೆದರುವವನು. ಗ್ಯಾಸಿನ ತಿರುಪು ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದೆ ಬಂದು ನೋಡುವವನು. ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ ಸತ್ತವರು ಎಷ್ಟು ಮಂದಿ ಇರಬಹುದೆಂದು ಬಂಗುಡೆ ಊಟದ ನಡುವೆ ಯೋಚಿಸುವವನು. ರಜೆ ಹಾಕಿದ ದಿನ ಕಾಲೇಜಿನಲ್ಲಿ ನನ್ನನ್ನು ಯಾರೂ ಕೇಳದಿದ್ದರೆ ಏನಾಗುತ್ತದೆಂದೂ, ಕೇಳಿದರೆ ಏನಾಗುತ್ತದೆಂದೂ ಒಟ್ಟಿಗೇ ಚಿಂತಿಸಬಲ್ಲೆ. ಆದರೆ ಲೋಕದಲ್ಲಿ ಒಂದು ವಿಷಯದಲ್ಲಿ ಮಾತ್ರ ನನಗೆ ಹೆದರಿಕೆ ಇರಲಿಲ್ಲ. ಅದು ಆ ಕೆರೆಯ ಲೆಕ್ಕ.

ಕಪಾಟಿನಿಂದ ನನ್ನ ಗ್ರಾಫ್ ತಂದು ದೋಸೆಯ ಪಕ್ಕದಲ್ಲಿ ಹಾಸಿದೆ. ಜೂನಿನಲ್ಲಿ ಮೊದಲ ಮಳೆಗೆ ಕೆಂಪುಮಣ್ಣು ಕರಗಿ ಬಂದು ಕೆರೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಬೆಳಕು ಒಳಗೆ ಹೋಗುವುದಿಲ್ಲ, ಪಾಚಿಗಳು ಕೈಬೆರಳಲ್ಲಿ ಎಣಿಸುವಷ್ಟೇ. ಮಣ್ಣು ತಳಕ್ಕೆ ಕೂತ ಮೇಲೆ ಆಗಸ್ಟಿನಲ್ಲಿ ಡಯಾಟಮ್‌ಗಳು ಬರುತ್ತವೆ. ಗಾಜಿನ ಡಬ್ಬಿಗೆ ಗಾಜಿನದೇ ಮುಚ್ಚಳ ಹಾಕಿದಂಥ ಜೀವಗಳು, ಮೈಮೇಲೆ ಸೂಜಿಯಲ್ಲಿ ಕೊರೆದಂಥ ಗೆರೆ. ಅಕ್ಟೋಬರ್ ಹೊತ್ತಿಗೆ ಡೆಸ್ಮಿಡ್‌ಗಳು. ಅರ್ಧ ದೇಹವನ್ನು ಕನ್ನಡಿಗೆ ಹಚ್ಚಿಟ್ಟು ಇನ್ನರ್ಧ ಮಾಡಿದ ಹಾಗೆ ಎರಡೂ ಬದಿ ಒಂದೇ. ನಮ್ಮ ಕೆಂಪುಕಲ್ಲಿನ ಮೃದು ನೀರು ಅವಕ್ಕೆ ಬಹಳ ಇಷ್ಟ. ಜನವರಿಯಲ್ಲಿ ಹಸಿರು ಪಾಚಿಗಳ ಜಾತ್ರೆ. ಗಡಿಯಾರದ ಹಲ್ಲುಚಕ್ರದಂಥವು ಕೆಲವು, ನಾಲ್ಕು ಬಾಳೆಕಾಯಿ ಪಕ್ಕಪಕ್ಕ ಅಂಟಿಸಿದಂಥವು ಕೆಲವು. ಆಮೇಲೆ ಮಾರ್ಚ್, ಏಪ್ರಿಲ್, ಮೇ. ಅಲ್ಲಿ ನನ್ನ ಗೆರೆ ನೆಲಕ್ಕೆ ಬಂದು ಮಲಗುತ್ತಿತ್ತು.

ಆ ಮಲಗುವಿಕೆಯೇ ನನ್ನ ಹೆಮ್ಮೆ. ಬಿಸಿಲು ಹೆಚ್ಚಾದಂತೆ, ನೀರು ಇಳಿದಂತೆ ಆಳವಿಲ್ಲದ ಕೆರೆಗಳಲ್ಲಿ ನೀಲಿಹಸಿರು ಪಾಚಿಗಳು ಹೆಚ್ಚುತ್ತವೆ, ಅವುಗಳಲ್ಲಿ ಕೆಲವು ವಿಷ ಬಿಡುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ನನ್ನ ಕೆರೆ ಮಾತ್ರ ಬೇಸಿಗೆಯಲ್ಲಿ ನಿದ್ದೆ ಮಾಡುತ್ತಿತ್ತು. ಇದನ್ನು ‘ಬೇಸಿಗೆಯ ಮೌನ’ ಎಂದು ಕರೆದು ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದ್ದೆ. ಒಂದು ಶಾಲು, ಒಂದು ಗಾಜಿನ ನವಿಲು ಕೊಟ್ಟಿದ್ದರು. ನವಿಲು ಟಿ.ವಿ.ಯ ಮೇಲಿದೆ.

"ಈಗ ಧೈರ್ಯವಾಗಿ ಇಳಿ. ಬೇಸಿಗೆಯಲ್ಲಂತೂ ಇನ್ನೂ ಒಳ್ಳೆಯದು, ಹೆದರಿಕೆಯೇ ಇಲ್ಲ" ಎಂದೆ.

ಅವಳು ದೋಸೆ ಮಗುಚುವುದನ್ನು ಬಿಟ್ಟು ನನ್ನನ್ನೇ ನೋಡಿದಳು. ಇಪ್ಪತ್ತೈದು ವರ್ಷಗಳಲ್ಲಿ ನನ್ನ ಬಾಯಿಂದ ‘ಹೆದರಿಕೆಯೇ ಇಲ್ಲ’ ಎಂಬ ಮಾತು ಬಂದದ್ದು ಅದೇ ಮೊದಲಿರಬೇಕು. ಮರುದಿನ ಅದನ್ನು ಟೀಚರ್ ಮತ್ತು ಉಳಿದ ಐವರ ಮುಂದೆ ಹೇಳಿದಳಂತೆ: "ನಮ್ಮವರು ಹೆದರುವುದಿಲ್ಲ ಅಂದ್ಮೇಲೆ ಲೋಕದಲ್ಲಿ ಇನ್ನು ಯಾರೂ ಹೆದರ್ಬೇಕು ಅಂತಿಲ್ಲ."

ಹೀಗೆ ಆರು ಮಂದಿ ಹೆಂಗಸರು ನನ್ನ ಗ್ಯಾರಂಟಿಯ ಮೇಲೆ ನೀರಿಗಿಳಿದರು.

ಮೊದಲ ಎರಡು ವಾರ ಅವಳು ಮೆಟ್ಟಿಲು ಹಿಡಿದುಕೊಂಡು ಕಾಲು ಬಡಿದದ್ದೇ ಬಡಿದದ್ದು. ಡಿಸೆಂಬರಿನಲ್ಲಿ ಒಂದು ದಿನ ಒದ್ದೆ ಕೂದಲಿನಲ್ಲೇ ಬಂದು, "ತೇಲಿದೆ!" ಎಂದಳು, ಗಣಿತದಲ್ಲಿ ಪಾಸಾದ ಮಗುವಿನ ಹಾಗೆ. ಜನವರಿಗೆ ಅಡ್ಡಕ್ಕೆ ಒಂದು ಸಲ ದಾಟಿದಳು. ಫೆಬ್ರವರಿಯಲ್ಲಿ ಲಿಫ್ಟ್ ಮತ್ತೆ ಕೆಟ್ಟಾಗ ನಾನು ಮೊದಲ ಮಹಡಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದೆ. ಅವಳು ತರಕಾರಿಯ ಚೀಲ ಹಿಡಿದು ನನ್ನನ್ನು ದಾಟಿ ಹೋದಳು. ಯಾವ ದೇವರನ್ನೂ ಕರೆಯಲಿಲ್ಲ.

"ಮೊಣಗಂಟು ಅಲ್ಲ ಮಾರಾಯ್ರೆ" ಎಂದು ಒಂದು ಸಂಜೆ ಹೇಳಿದಳು, "ಅದು ಕಡಿಮೆ ಆದದ್ದು ಹೌದು. ಆದ್ರೆ ಅಲ್ಲಿ ಮಲಗಿ ಆಕಾಶ ನೋಡುವಾಗ ನನ್ನತ್ರ ಯಾರೂ ಎಂತದೂ ಕೇಳುವುದಿಲ್ಲ. ಕಿವಿಯೊಳಗೆ ನೀರಿರ್ತದಲ್ಲ, ಕೇಳಿದ್ರೂ ಕೇಳುವುದಿಲ್ಲ." ನಮ್ಮ ಮನೆಮಾತು ತುಳು. ತುಳುವಿನಲ್ಲಿ ಆ ಮಾತು ಇನ್ನೂ ಮೆತ್ತಗಿತ್ತು. ಆ ಅರ್ಧ ಗಂಟೆ ಅವಳಿಗೆ ಏನು ಎಂಬುದು ನನಗೆ ತಿಳಿದದ್ದು ಆಗಲೇ.

ಮಾರ್ಚ್ ಕೊನೆಗೆ ಅವಳ ಕುತ್ತಿಗೆಯಲ್ಲಿ, ಮೊಣಕೈಯ ಮಡಿಕೆಯಲ್ಲಿ ಕೆಂಪು ಗುಳ್ಳೆಗಳೆದ್ದವು. ತುರಿಕೆ. ಕಣ್ಣೂ ಉರಿಯುತ್ತದೆ ಎಂದಳು.

"ಬೆವರುಸಾಲೆ" ಎಂದೆ ನಾನು. ಆ ದಿನಗಳಲ್ಲಿ ಮಂಗಳೂರಿನಲ್ಲಿ ಬೆವರುಸಾಲೆ ಇಲ್ಲದವರು ಇದ್ದರೆ ಅವರು ಫ್ರಿಜ್ಜಿನೊಳಗೆ ವಾಸಿಸುವವರು.

"ಟೀಚರಿಗೂ ಉಂಟಂತೆ."

"ಅವರಿಗೂ ಬೆವರುತ್ತದಲ್ಲ."

"ನೀರಿನದ್ದು ಅಲ್ವಾ ಹಾಗಾದ್ರೆ?"

"ನೀರಿನದ್ದು ಆಗಲಿಕ್ಕೇ ಸಾಧ್ಯವಿಲ್ಲ" ಎಂದೆ. ಮೂರು ದಿನ ಮೊದಲು ತಂದ ನೀರನ್ನೂ ಎಣಿಸಿ ಆಗಿತ್ತು. ಗೆರೆ ಎಂದಿನಂತೆ ಮಲಗಿತ್ತು. ಇವಳು ಬೇವಿನ ಎಲೆ ಕುದಿಸಿದ ನೀರಿನಲ್ಲಿ ಮೈ ತೊಳೆದುಕೊಂಡು ಮರುದಿನ ಮತ್ತೆ ಈಜಲು ಹೋದಳು.

ನಮ್ಮ ಪ್ರಯೋಗಾಲಯದಲ್ಲಿ ಒಬ್ಬರು ಅಟೆಂಡರ್ ಇದ್ದಾರೆ. ಉಳ್ಳಾಲದ ಬ್ಯಾರಿ, ನನಗಿಂತ ನಾಲ್ಕು ವರ್ಷ ದೊಡ್ಡವರು, ನಿವೃತ್ತಿಗೆ ಹತ್ತಿರ. ಅಣ್ಣತಮ್ಮಂದಿರೆಲ್ಲ ಅಂಗಡಿ, ಗಲ್ಫ್ ಎಂದು ಹೋದರು, ಇವರೊಬ್ಬರೇ ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕೆ ಬಂದವರು. ಮಕ್ಕಳಿಂದ ಪ್ರಾಂಶುಪಾಲರವರೆಗೆ ಎಲ್ಲರಿಗೂ ಅವರು ಕಾಕ. ಏಪ್ರಿಲಿನ ಮೊದಲ ಶುಕ್ರವಾರ, ಮಧ್ಯಾಹ್ನದ ನಮಾಜಿಗೆ ಹೊರಡುವ ಮೊದಲು, ಅವರು ಸಿಂಕನ್ನು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದರು. ನಾನು ಪಕ್ಕದ ಮೇಜಿನಲ್ಲಿ ಉತ್ತರಪತ್ರಿಕೆ ನೋಡುತ್ತಿದ್ದೆ.

"ಸರ್, ನಿಮ್ಮ ಕೆರೆ ನೀರಲ್ಲಿ ಬೆಲ್ಲ ಉಂಟಾ?" ಎಂದರು.

"ಎಂತ ಕಾಕ?"

"ಅಲ್ಲ, ಕೇಳಿದ್ದು. ಮಳೆಗಾಲದಲ್ಲಿ ನೀವು ಮೇಲಿನ ನೀರು ಚೆಲ್ಲಿದ್ರೆ ಸಿಂಕ್ ಹಾಗೇ ಉಂಟು, ಒಂದು ಸಲ ನೀರು ಬಿಟ್ರೆ ಮುಗೀತು. ಬೇಸಿಗೆಯಲ್ಲಿ ಚೆಲ್ಲಿದ್ರೆ ಮಾತ್ರ ಹೀಗೆ ಕಂದು ಕಂದು ಹಿಡಿತದೆ, ಲೋಳೆ. ಪ್ರತಿ ವರ್ಷ ಇದೇ ಗಲಾಟೆ. ನನ್ನ ಭುಜ ಹೋಯ್ತು."

ಇಲ್ಲಿ ನನ್ನ ವಿಧಾನವನ್ನು ಸ್ವಲ್ಪ ಹೇಳಬೇಕು. ಬಾಟಲಿಯ ನೀರಿಗೆ ನಾಲ್ಕು ಹನಿ ಅಯೋಡಿನ್ ಹಾಕಿದರೆ ಪಾಚಿಗಳು ಸತ್ತು ಕಂದು ಬಣ್ಣಕ್ಕೆ ತಿರುಗಿ ಭಾರವಾಗುತ್ತವೆ. ಆ ನೀರನ್ನು ಎತ್ತರದ ಗಾಜಿನ ಸಿಲಿಂಡರಿಗೆ ಸುರಿದು ಎರಡು ದಿನ ಅಲ್ಲಾಡಿಸದೆ ಇಡುವುದು. ಎಲ್ಲವೂ ತಳಕ್ಕೆ ಇಳಿಯುತ್ತವೆ. ಆಮೇಲೆ ಮೇಲಿನ ಖಾಲಿ ನೀರನ್ನು ರಬ್ಬರ್ ನಳಿಕೆಯಲ್ಲಿ ಎಳೆದು ಸಿಂಕಿಗೆ ಬಿಟ್ಟು, ತಳದಲ್ಲಿ ಉಳಿದ ಒಂದು ಲೋಟದಷ್ಟನ್ನು ಎಣಿಸುವುದು. ಒಳ್ಳೆಯ ವಿಧಾನ. ನಾನು ಕಲಿತದ್ದು ಹಾಗೆ, ಕಲಿಸಿದ್ದೂ ಹಾಗೆ.

ಕಾಕ ನಾರನ್ನು ಹಿಂಡಿ ಕಿಟಕಿಯಲ್ಲಿಟ್ಟು ಹೋದರು. ನಾನು ಪೆನ್ ಹಿಡಿದುಕೊಂಡು ಹಾಗೇ ಕೂತೆ. ನನ್ನ ಮುಂದಿದ್ದ ಉತ್ತರಪತ್ರಿಕೆಯಲ್ಲಿ ಒಂದು ಹುಡುಗಿ, ದೇವರಾಣೆ ಸತ್ಯ, ಹೀಗೆ ಬರೆದಿದ್ದಳು: ‘ಕೆಲವು ನೀಲಿಹಸಿರು ಪಾಚಿಗಳ ಜೀವಕೋಶದೊಳಗೆ ಗಾಳಿಯ ಸೂಕ್ಷ್ಮ ಚೀಲಗಳಿದ್ದು, ಅವು ನೀರಿನ ಮೇಲೆ ತೇಲುತ್ತವೆ.’ ಐದು ಅಂಕದ ಪ್ರಶ್ನೆ. ಪ್ರಶ್ನೆ ಹಾಕಿದ್ದು ನಾನೇ. ಇಪ್ಪತ್ತೆರಡು ವರ್ಷಗಳಿಂದ ಅದನ್ನು ಪಾಠ ಮಾಡುತ್ತಿರುವುದೂ ನಾನೇ. ಅವಳಿಗೆ ಐದಕ್ಕೆ ಐದು ಹಾಕಿ ಎದ್ದೆ.

ಹೊಸ ಸಿಲಿಂಡರ್ ಕಪಾಟಿನಲ್ಲಿತ್ತು, ಆ ವಾರದ್ದು. ಅದರ ತಲೆಯಲ್ಲಿ, ಗಾಜಿಗೆ ಅಂಟಿಕೊಂಡು, ಕಂದು ಬಣ್ಣದ ತೆಳುವಾದ ಒಂದು ಉಂಗುರ. ನಾಲ್ಕು ವರ್ಷ ನೋಡಿದ್ದೇನೆ, ಅಯೋಡಿನ್ ಕಲೆ ಎಂದುಕೊಂಡಿದ್ದೇನೆ. ಅಲ್ಲಿಂದ ಒಂದು ಹನಿ ತೆಗೆದು ಸ್ಲೈಡಿಗೆ ಹಾಕಿದೆ. ಕಾಮಕಸ್ತೂರಿ ಬೀಜ ನೆನೆಸಿದ ಶರಬತ್ತನ್ನು ನೋಡಿದ್ದೀರಲ್ಲ, ಲೋಳೆಯೊಳಗೆ ಕರಿ ಚುಕ್ಕೆ? ಒಂದೊಂದು ಲೋಳೆಯುಂಡೆಯಲ್ಲಿ ನೂರಾರು ಚುಕ್ಕೆ, ಅಂಥ ಉಂಡೆಗಳು ಗಾಜಿನ ಈ ಅಂಚಿನಿಂದ ಆ ಅಂಚಿನವರೆಗೆ. ಮೈಕ್ರೊಸಿಸ್ಟಿಸ್ ಎಂಬ ನೀಲಿಹಸಿರು ಪಾಚಿ. ಹೆಚ್ಚಾದರೆ ವಿಷ ಬಿಡುವವುಗಳಲ್ಲಿ ಮೊದಲ ಹೆಸರು ಹೇಳಬೇಕಾದದ್ದು. ನನ್ನ ಕೆರೆ ಬೇಸಿಗೆಯಲ್ಲಿ ಮಲಗುತ್ತಿರಲಿಲ್ಲ. ತುಂಬಿ ತುಳುಕುತ್ತಿತ್ತು. ತುಳುಕಿದ್ದನ್ನು ನಾನು ಪ್ರತಿ ಸಲ ಶಿಸ್ತಾಗಿ ಸಿಂಕಿಗೆ ಬಿಟ್ಟು, ಉಳಿದ ಖಾಲಿ ತಳವನ್ನು ಎಣಿಸಿ, ಅದಕ್ಕೆ ಮೌನವೆಂದು ಹೆಸರಿಟ್ಟು ಶಾಲು ಹೊದೆಸಿಕೊಂಡಿದ್ದೆ.

ಅಷ್ಟೇ ಆಗಿದ್ದರೆ ಅರ್ಧ ತಪ್ಪು. ಕೆರೆಯ ಮೆಟ್ಟಿಲಿನಲ್ಲಿ ಬಾಟಲಿ ಮುಳುಗಿಸುವ ಮೊದಲು ನಾನೇನು ಮಾಡುತ್ತೇನೆಂದು ನೆನಪಿಸಿಕೊಂಡೆ. ನಮ್ಮ ಕಡೆ ಕೆರೆಯಿಂದಾಗಲಿ ಬಾವಿಕಟ್ಟೆಯ ತೊಟ್ಟಿಯಿಂದಾಗಲಿ ನೀರು ತುಂಬಿಸುವ ಯಾವ ಹೆಂಗಸೂ ಕೊಡವನ್ನು ನೇರ ಅದ್ದುವುದಿಲ್ಲ. ಕೊಡದ ತಳದಿಂದ ಮೇಲಿನ ನೀರನ್ನು ಎರಡು ಸಲ ಆಚೀಚೆ ಸರಿಸಿ, ತರಗೆಲೆ, ಹುಳು, ಧೂಳು ದೂರ ಹೋದ ಮೇಲೆ ಮುಳುಗಿಸುತ್ತಾರೆ. ಅಮ್ಮ ನನಗೆ ಕಲಿಸಿದ್ದು ಹಾಗೆ. ಸರಿಸದೆ ಅದ್ದಿದರೆ ಬೆನ್ನಿಗೆ ಒಂದು ಬೀಳುತ್ತಿತ್ತು. ಸಂಶೋಧಕನಾದ ಮೇಲೂ ನಾನು ಒಳ್ಳೆಯ ಮನೆಯ ಮಗನಾಗಿಯೇ ಉಳಿದು, ಕೈಯಿಂದ ಮೇಲಿನ ನೀರನ್ನು ಸರಿಸಿ, ಕೆಳಗಿನ ಚೊಕ್ಕ ನೀರನ್ನು ತುಂಬಿಸುತ್ತಿದ್ದೆ. ಬೇಸಿಗೆಯ ಬೆಳಿಗ್ಗೆ ನೀರಿನ ಮೇಲೆ ಹೆಸರುಹಿಟ್ಟು ಉದುರಿಸಿದ ಹಾಗೆ ಹಸಿರು ಹುಡಿ ಇರುವುದನ್ನು ನೋಡಿದ್ದೆ. ದಡದ ಮರಗಳ ಹೂವಿನ ಪರಾಗ ಎಂದುಕೊಂಡಿದ್ದೆ. ಆ ಮರಗಳು ಯಾವಾಗ ಹೂ ಬಿಡುತ್ತವೆಂದು ಸಸ್ಯಶಾಸ್ತ್ರದ ಅಧ್ಯಾಪಕನಿಗೆ ಯೋಚಿಸಬೇಕೆನಿಸಲಿಲ್ಲ.

ಗಂಟೆ ಒಂದೂಮುಕ್ಕಾಲು. ಫೋನ್ ಮೇಜಿನ ಮೇಲೇ ಇತ್ತು. ಆಗಲೇ ಹೆಂಡತಿಗೆ ಹೇಳಬಹುದಿತ್ತು, ‘ನಾಳೆ ಇಳಿಯಬೇಡ’ ಎಂಬ ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಕಾರಣವನ್ನು ಆಗ ಹೀಗೆ ಕೊಟ್ಟುಕೊಂಡೆ: ಒಂದು ಹನಿ ನೋಡಿ ತೀರ್ಮಾನಕ್ಕೆ ಬರಬಾರದು, ಇನ್ನೊಂದು ಬಾಟಲಿ ಸರಿಯಾಗಿ ತಂದು ಖಚಿತ ಮಾಡಿಕೊಂಡ ಮೇಲೆ ಹೇಳಬೇಕು, ಸುಮ್ಮನೆ ಹೆದರಿಸಬಾರದು. ಮೂವತ್ತು ವರ್ಷ ಎಲ್ಲರನ್ನೂ ಸುಮ್ಮಸುಮ್ಮನೆ ಹೆದರಿಸಿದವನಿಗೆ ಆ ಮಧ್ಯಾಹ್ನ ಇದ್ದಕ್ಕಿದ್ದಂತೆ ವೈಜ್ಞಾನಿಕ ಎಚ್ಚರ ಬಂದುಬಿಟ್ಟಿತು. ಈಗ ಯೋಚಿಸಿದರೆ, ನನಗೆ ನಿಜವಾಗಿ ಹೆದರಿಕೆಯಾದದ್ದು ಅವತ್ತೇ. ಅವಳ ಚರ್ಮಕ್ಕಾಗಿ ಅಲ್ಲ, ನನ್ನ ಮಾತಿಗಾಗಿ.

ಶನಿವಾರ ಬೆಳಿಗ್ಗೆ ನಾನೂ ಬರುತ್ತೇನೆ, ನೀರು ತರಬೇಕು ಎಂದೆ. ಅವಳಿಗೆ ಖುಷಿಯಾಯಿತು. ಸ್ಕೂಟರ್ ಅವಳೇ ಓಡಿಸಿದಳು, ನಾನು ಹಿಂದೆ ಬಾಟಲಿ ಹಿಡಿದು ಕೂತೆ. ಕೊಟ್ಟಾರದಿಂದ ಬೋಳಾರಕ್ಕೆ ಆ ಹೊತ್ತಿನಲ್ಲಿ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷವೂ ಅವಳು ಮಾತಾಡಿದಳು.

"ಟೀಚರ್ ಹೇಳಿದ್ರು, ಇವತ್ತು ಉದ್ದಕ್ಕೆ ದಾಟಿಸ್ತಾರಂತೆ ನನ್ನನ್ನು. ಉದ್ದಕ್ಕೆ! ಕೇಳಿತಾ?"

"ಕೇಳಿತು."

"ನೀವು ನೋಡ್ಬೇಕು ಅಂತ ನನಗೆ ಆಸೆ ಇತ್ತು. ಕರೆದ್ರೆ ಬರುವುದಿಲ್ಲ, ಬಂದ್ರೂ ಅಲ್ಲಿ ನಿಂತು ‘ಬೇಡ ಬೇಡ’ ಅಂತೀರಿ ಅಂತ ಕರೀಲಿಲ್ಲ."

ಅವಳ ಕುತ್ತಿಗೆಯ ಹಿಂದಿನ ಗುಳ್ಳೆಗಳು ನನ್ನ ಕಣ್ಣ ಮುಂದೆಯೇ ಇದ್ದವು, ಒಂದು ಗೇಣು ದೂರದಲ್ಲಿ. ಪ್ರತಿ ಸಿಗ್ನಲ್ಲಿನಲ್ಲಿ ಈಗ ಹೇಳುತ್ತೇನೆ ಎಂದುಕೊಂಡೆ. ಆ ಹೊತ್ತಿಗೆ ಸಿಗ್ನಲ್ಲುಗಳು ಹಳದಿ ಮಿಣುಕುತ್ತಿದ್ದವು, ಯಾರೂ ನಿಲ್ಲುವ ಹಾಗಿರಲಿಲ್ಲ.

ಕೆರೆಯಲ್ಲಿ ಟೀಚರ್ ಆಗಲೇ ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದರು. ನನ್ನನ್ನು ಕಂಡವರೇ ಶಿಳ್ಳೆ ಊದಿದರು.

"ಸರ್! ಏಳು ಗಂಟೆವರೆಗೆ ಇಲ್ಲಿ ಗಂಡಸರಿಗೆ ಪ್ರವೇಶ ಇಲ್ಲ. ಗೊತ್ತುಂಟಲ್ಲ?"

"ನೀರು ತೆಗೀಲಿಕ್ಕೆ ಬಂದದ್ದು ಟೀಚರ್."

"ಹಾಗಾದ್ರೆ ಆ ಮೂಲೆಗೆ ಹೋಗಿ ತೆಗೀರಿ. ಮುಖ ಆಚೆ."

ಹೆಂಗಸರು ನಕ್ಕರು. ನಾನು ಮೂಲೆಗೆ ಹೋಗಿ, ಕೊನೆಯ ಮೆಟ್ಟಿಲಿನಲ್ಲಿ ಕುಕ್ಕರಗಾಲಲ್ಲಿ ಕೂತೆ. ಕೈ ತಾನಾಗಿಯೇ ಮೇಲಿನ ನೀರನ್ನು ಸರಿಸಲು ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ. ಬಾಟಲಿಯ ಬಾಯನ್ನು ಹಸಿರು ಹುಡಿಯ ನಡುವೆಯೇ ಅದ್ದಿ ತುಂಬಿಸಿ ಮೆಟ್ಟಿಲಿನ ಮೇಲಿಟ್ಟೆ. ಸೂಕ್ಷ್ಮದರ್ಶಕವೇನೂ ಬೇಕಾಗಲಿಲ್ಲ. ಎರಡೇ ನಿಮಿಷದಲ್ಲಿ ಸಣ್ಣ ಸಣ್ಣ ಹಸಿರು ಕಣಗಳು ಕೆಳಗಿನಿಂದ ಒಂದೊಂದಾಗಿ ಎದ್ದು ಬಾಟಲಿಯ ಕತ್ತಿಗೆ ಬಂದು ಸೇರತೊಡಗಿದವು, ಬಸ್ಸಿಗೆ ಕಾಯುವವರ ಹಾಗೆ. ಯಾವುದಕ್ಕೂ ಅವಸರವಿರಲಿಲ್ಲ.

ತಿರುಗಿ ನೋಡಿದೆ. ಅವಳು ಉದ್ದಕ್ಕೆ ಹೊರಟಾಗಿತ್ತು. ಕೆರೆಯ ನಡುವೆ ತಲೆ ಮಾತ್ರ ಕಾಣುತ್ತಿತ್ತು, ಬಾಯಿ ನೀರಿಗೆ ತಾಗಿ ಎದ್ದು ತಾಗಿ ಎದ್ದು. ಟೀಚರ್ ಪಕ್ಕದಲ್ಲೇ ಈಜುತ್ತ, "ಹಾಂ, ಹೋಗು, ಹೋಗು" ಎನ್ನುತ್ತಿದ್ದರು. ನಾನು ಎದ್ದು ನಿಂತು ಕೂಗಬೇಕಿತ್ತು. ನಡು ಕೆರೆಯಲ್ಲಿ ಇರುವವಳನ್ನು ಕೂಗಿ ಬೆದರಿಸಿದರೆ? ಇದು ನಿಜವಾದ ಚಿಂತೆಯೋ ಇನ್ನೊಂದು ನೆವವೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವಳು ಆಚೆಯ ಮೆಟ್ಟಿಲು ಮುಟ್ಟಿ, ಎರಡೂ ಕೈ ಮೇಲೆತ್ತಿ, ನನ್ನ ಕಡೆ ತಿರುಗಿ "ನೋಡಿದ್ರಾ?" ಎಂದು ಕಿರುಚುವವರೆಗೆ ನಿಂತೇ ಇದ್ದೆ. ಆಮೇಲೆ ದಡದ ಮೇಲೆ ಸುತ್ತು ಹಾಕಿ ಅಲ್ಲಿಗೆ ಹೋದೆ.

"ಮೇಲೆ ಬಾ. ಎಲ್ಲರೂ ಬನ್ನಿ. ನೀರು ಸರಿ ಇಲ್ಲ."

ಮೊದಲು ಯಾರೂ ನಂಬಲಿಲ್ಲ. ಒಬ್ಬಳು, "ಓ, ಸರ್ ಶುರು ಮಾಡಿದ್ರು" ಎಂದಳು. ನಾನು ಬಾಟಲಿ ತೋರಿಸಿದೆ. ಸಿಲಿಂಡರ್, ಸಿಂಕ್, ಕೊಡದ ತಳ ಎಲ್ಲವನ್ನೂ ಹೇಳಿದೆ, ತರಗತಿಯಲ್ಲಿ ಹೇಳುವಷ್ಟು ವಿವರವಾಗಿ. ನಾಚಿಕೆಯಾದಾಗ ನನಗೆ ಪಾಠ ಮಾಡುವ ಚಟ. ಟೀಚರ್ ಮೊಣಕೈಯ ಗುಳ್ಳೆಯನ್ನು ನೋಡಿಕೊಂಡು, "ಹಾಗಾದ್ರೆ ಇದು ಬೆವರಿದ್ದಲ್ಲ" ಎಂದರಷ್ಟೆ. ಶಿಳ್ಳೆ ಊದಿ ಎಲ್ಲರನ್ನೂ ಮೇಲೆ ಕರೆದರು, ಮನೆಗೆ ಹೋದ ಕೂಡಲೇ ಸಾಬೂನು ಹಾಕಿ ಸ್ನಾನ ಮಾಡಲು ಹೇಳಿದರು.

ಹೆಂಡತಿ ಟವೆಲ್ ಸುತ್ತಿಕೊಂಡು ಕೊನೆಗೆ ಬಂದಳು.

"ಯಾವಾಗ ಗೊತ್ತಾದದ್ದು ನಿಮಗೆ?"

"ಖಚಿತ ಆದದ್ದು ಈಗ."

"ಖಚಿತ ಅಲ್ಲ. ಗೊತ್ತಾದದ್ದು."

"ನಿನ್ನೆ. ಮಧ್ಯಾಹ್ನ."

ಅವಳ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ. "ನಿನ್ನೆ ಮಧ್ಯಾಹ್ನ" ಎಂದು ಒಮ್ಮೆ ತನಗೇ ಹೇಳಿಕೊಂಡು ಸ್ಕೂಟರಿನ ಕಡೆ ನಡೆದಳು. ದಾರಿಯಲ್ಲಿ ನಾನು ಏನೋ ಹೇಳಹೋದೆ. "ಬಾಟಲಿ ಗಟ್ಟಿ ಹಿಡ್ಕೊಳ್ಳಿ" ಎಂದಳು.

ಗುಳ್ಳೆ ಹತ್ತು ದಿನದಲ್ಲಿ ಮಾಯವಾಯಿತು, ಎಲ್ಲರದ್ದೂ. ಈಜು ನಿಂತಿತು. ಹೋಟೆಲಿನ ಈಜುಕೊಳಕ್ಕೆ ಹೋಗೋಣವೇ ಎಂದರೆ, "ಅದರ ನೀರು ಯಾರು ಎಣಿಸಿದ್ದು, ನೀವಾ?" ಎಂದಳು. ಮೇ ತಿಂಗಳಲ್ಲಿ ಮೊಣಗಂಟು ಮತ್ತೆ ಶುರುವಾಯಿತು. ಲಿಫ್ಟ್ ಸರಿ ಇದ್ದ ದಿನವೂ ಮೆಟ್ಟಿಲಿನಲ್ಲಿ ದೇವರುಗಳ ಹೆಸರು ಕೇಳಿದ ಹಾಗಾಗಿ ನನಗೆ ಎಚ್ಚರವಾಗುತ್ತಿತ್ತು.

ನಾನು ಮಾಡಬೇಕಾದದ್ದನ್ನು ಮಾಡಿದೆ. ಸಂಕಿರಣದವರಿಗೆ ಪತ್ರ ಬರೆದು ನನ್ನ ಪ್ರಬಂಧ ತಪ್ಪು ಎಂದೆ. ‘ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂದು ಉತ್ತರ ಬಂತು. ಹಳೆಯ ಬೇಸಿಗೆಗಳನ್ನು ಮತ್ತೆ ಎಣಿಸೋಣವೆಂದರೆ ಮೇಲಿನ ನೀರು ಎಲ್ಲಿದೆ? "ಸರ್, ನಾಲ್ಕು ವರ್ಷದ್ದು ನೇತ್ರಾವತಿ ದಾಟಿ ಸಮುದ್ರಕ್ಕೆ ಹೋಗಿರ್ತದೆ" ಎಂದರು ಕಾಕ. "ಉಳ್ಳಾಲಕ್ಕೆ ಬನ್ನಿ, ನಮ್ಮ ಮನೆ ಹತ್ತಿರವೇ ಕುಳಿತು ಎಣಿಸಿ. ಚಹಾ ಕೊಡ್ತೇನೆ." ಈಗ ನಾನು ಮೇಲಿನದ್ದನ್ನೂ ತಳದ್ದನ್ನೂ ಬೇರೆ ಬೇರೆ ಎಣಿಸುತ್ತೇನೆ. ಗ್ರಾಫಿನ ಮಲಗಿದ್ದ ಗೆರೆ ಏಪ್ರಿಲಿನಲ್ಲಿ ಕಾಗದದ ಹೊರಗೆ ಹೋಗುತ್ತದೆ.

ಜೂನಿನಲ್ಲಿ ಮಳೆ ಬಂತು. ಮೊದಲ ವಾರದಲ್ಲೇ ಕೆರೆಯ ಹಸಿರು ಹರಿದು, ಕದಡಿ, ಕೆಂಪಾಯಿತು. ಜುಲೈಯಲ್ಲಿ ನೀರು ಮೇಲಿನ ಮೆಟ್ಟಿಲಿಗೆ ಬಂತು. ಆಗಸ್ಟಿನಲ್ಲಿ ಗಾಜಿನ ಡಬ್ಬಿಗಳು ಬಂದವು. ಪ್ರತಿ ಎಣಿಕೆಯನ್ನೂ ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಇಡುತ್ತಿದ್ದೆ. ಅವಳು ಓದಿದಳೋ ಇಲ್ಲವೋ, ಒಂದು ಚೀಟಿ ಬಿಸಿ ಪಾತ್ರೆಯ ಕೆಳಗೆ ಸಿಕ್ಕಿತು. ಸೆಪ್ಟೆಂಬರ್ ಕೊನೆಗೆ, "ಈಗ ನೀರು ಚೆನ್ನಾಗಿದೆ" ಎಂದು ಬಾಯಿಬಿಟ್ಟು ಹೇಳಿದೆ. "ಹೌದಾ" ಎಂದಳು. ಬಸ್ಸಿನಲ್ಲಿ ಪಕ್ಕದವರು ಹವಾಮಾನ ಹೇಳಿದರೆ ಅನ್ನುವ ಹಾಗೆ.

ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಅವಳು ಪ್ರಯೋಗಾಲಯಕ್ಕೆ ಬಂದಳು. ಮದುವೆಯಾದ ಮೇಲೆ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಕೈಯಲ್ಲಿ ನೀರಿನ ಬಾಟಲಿ.

"ಬೆಳಿಗ್ಗೆ ನಾನೇ ಹೋಗಿ ತುಂಬಿಸಿದ್ದು. ಸರಿಸದೆ. ಇದಕ್ಕೆ ನಿಮ್ಮ ಮದ್ದು ಹಾಕಿ ಇಡಿ. ಸೋಮವಾರ ಬರ್ತೇನೆ. ಅಲ್ಲಿವರೆಗೆ ನೀವು ಮುಟ್ಬೇಡಿ."

ನಾನು ಮುಟ್ಟಲಿಲ್ಲ. ಸೋಮವಾರ ಕಾಕ ಅವಳಿಗೆ ಸ್ಟೂಲ್ ಒರೆಸಿ ಕೊಟ್ಟರು. ತಳದ ಹನಿಯನ್ನು ಮೊದಲು ತೋರಿಸಿದೆ. ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದಳು.

"ಇದು ಎಂತ, ಎರಡು ಬದಿಯೂ ಒಂದೇ ಉಂಟಲ್ಲ?"

"ಡೆಸ್ಮಿಡ್. ಈ ತಿಂಗಳಿನದ್ದು."

"ಚಂದ ಉಂಟು." ಇನ್ನೂ ಸ್ವಲ್ಪ ಹೊತ್ತು. "ಈಗ ಮೇಲಿನದ್ದು ಹಾಕಿ."

ಮೇಲಿನ ಹನಿ ಬಹುಪಾಲು ಖಾಲಿ. ಅವಳು ನಾನು ಹೇಳಿಕೊಟ್ಟ ಹಾಗೆ ಸ್ಲೈಡನ್ನು ಸಾಲು ಸಾಲಾಗಿ ಸರಿಸುತ್ತ ಹೋದಳು, ಅಕ್ಕಿಯಲ್ಲಿ ಕಲ್ಲು ಹುಡುಕುವವರ ತಾಳ್ಮೆಯಲ್ಲಿ. ಒಂದು ಕಡೆ ನಿಂತಳು.

"ಇಲ್ಲಿ ನೋಡಿ. ಅದೇ ಅಲ್ವಾ ಇದು?"

ನೋಡಿದೆ. ಅದೇ. ಒಂದೇ ಒಂದು ಉಂಡೆ.

"ಅದೇ. ವರ್ಷವಿಡೀ ಒಂದೆರಡು ಇರುತ್ತವೆ. ತಳದ ಕೆಸರಿನಲ್ಲಿ ಬೇಸಿಗೆಗಾಗಿ ಕಾಯುತ್ತವೆ."

"ಎಷ್ಟಾದ್ರೆ ಹೆಚ್ಚು? ಎಷ್ಟಾದಾಗ ಮೈಗೆ ಆಗುವುದಿಲ್ಲ?"

ಪುಸ್ತಕಗಳಲ್ಲಿ ಅಂಕಿಗಳಿವೆ. ಬೇರೆ ಊರಿನ, ಬೇರೆ ಕೆರೆಗಳ ಅಂಕಿಗಳು. ಅದರಲ್ಲೊಂದು ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳೋ ಏನೋ.

"ನನಗೆ ಗೊತ್ತಿಲ್ಲ" ಎಂದೆ. "ಈ ಕೆರೆಯಲ್ಲಿ, ನಿನ್ನ ಮೈಗೆ, ಎಷ್ಟು ಅಂತ ನನಗೆ ನಿಜವಾಗಿ ಗೊತ್ತಿಲ್ಲ."

ಅವಳು ಕಣ್ಣು ಎತ್ತಿ ನನ್ನನ್ನು ನೋಡಿದಳು. ಏಪ್ರಿಲಿನ ನಂತರ ಅಷ್ಟು ಹೊತ್ತು ನನ್ನ ಮುಖ ನೋಡಿದ್ದು ಆಗಲೇ.

"ಇಷ್ಟು ಹೇಳ್ಲಿಕ್ಕೆ ನಿಮಗೆ ಒಂದು ವರ್ಷ ಬೇಕಾಯ್ತು ನೋಡಿ" ಎಂದಳು. ಮತ್ತೆ ಬಗ್ಗಿ ಸ್ಲೈಡನ್ನು ಮೊದಲ ಸಾಲಿನಿಂದ ನೋಡಲು ಶುರು ಮಾಡಿದಳು. ಮುಗಿದ ಮೇಲೆ ತನ್ನ ಬ್ಯಾಗಿನಿಂದ ಹಳೆಯ ಡೈರಿಯೊಂದನ್ನು ತೆಗೆದು ತಾರೀಕು ಹಾಕಿ ಬರೆದಳು: ಮೇಲೆ, ಒಂದು. ಹದಿನೈದು ದಿನಕ್ಕೊಮ್ಮೆ ತಾನೇ ಬಂದು ನೋಡುವುದಾಗಿಯೂ, ಯಾವಾಗ ಸಾಕೆಂದು ತಾನೂ ಟೀಚರೂ ಕೂತು ನಿರ್ಧರಿಸುವುದಾಗಿಯೂ ಹೇಳಿದಳು. ಎಡವಟ್ಟು ಅನಿಸಿದರೆ ನಾನು ಹೇಳಬಹುದಂತೆ, ಆದರೆ ಅದೇ ದಿನ ಹೇಳಬೇಕಂತೆ.

ಮರುದಿನ ಬೆಳಿಗ್ಗೆ ಅವಳು ನೀರಿಗಿಳಿದಳು. ಆರು ತಿಂಗಳ ಬಿಡುವಿಗೆ ಉಸಿರು ಕಡಿಮೆಯಾಗಿ ಅಡ್ಡಕ್ಕೂ ಪೂರ್ತಿ ದಾಟಲಾಗಲಿಲ್ಲವಂತೆ. ಟೀಚರ್ ಬೈದರಂತೆ. ಒದ್ದೆ ಕೂದಲಿನಲ್ಲಿ ಮನೆಗೆ ಬಂದವಳ ಕುತ್ತಿಗೆಯನ್ನು ನಾನು ಎರಡು ಸಲ ನೋಡಿದೆ. ಮೂರನೆಯ ಸಲ ನೋಡುವಾಗ ಸಿಕ್ಕಿಬಿದ್ದೆ.

"ನೋಡಿ, ನೋಡಿ" ಎಂದಳು, ಕೂದಲನ್ನು ಒಂದು ಬದಿಗೆ ಸರಿಸಿ, ಬೆಳಕಿಗೆ ತಿರುಗಿ ನಿಂತು. "ಸರಿಯಾಗಿ ನೋಡಿ. ಆಮೇಲೆ ಎಂತ ಕಂಡಿತು ಅಂತ ಹೇಳಿ."